ಪಶು ಆಹಾರದ ಬೂಷ್ಟು ಮತ್ತು ಧೂಳು: ಕೆಲಸಗಾರರ ಎದೆಗೆ ಕುತ್ತು

ತೋಟಕ್ಕೆ ಗೊಬ್ಬರ ಬೇಕಾದರೆ ಕೊಟ್ಟಿಗೆಯಲ್ಲಿ ದನ ಇರಬೇಕು. ದನ ಹಾಲು ಕೊಡಬೇಕಾದರೆ ಅದಕ್ಕೆ ಹಿಂಡಿ ಇಡಬೇಕು. ಅಡಿಕೆ, ಕಾಫಿ ಬೆಳೆಯುವ ನಮ್ಮ ಕಡೆ ಮುಸುಕಿನ ಜೋಳ, ಹತ್ತಿಬೀಜ, ಶೇಂಗಾ ಇವುಗಳ ಬೆಳೆ ತೀರ ಕಡಿಮೆ. ಹಿಂಡಿ, ನುಚ್ಚು, ತೊಗರಿ ಹೊಟ್ಟು ಇವೆಲ್ಲ ನಮಗೆ ಬರುವುದು ಬಯಲುಸೀಮೆಯಿಂದ. ಒಣ ಹವೆಯಲ್ಲಿ ತಯಾರಾದ ಸರಕು ಮಳೆಗಾಲದ ಮಲೆನಾಡಿಗೆ ಬಂದು ಗೋದಾಮಿನಲ್ಲಿ ಕುಳಿತಾಗ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಹಿಂಡಿ ದನಕ್ಕೆ ಒಳ್ಳೆಯದಲ್ಲವೆಂದು ಬೆಳೆಗಾರರೆಲ್ಲ ಬಲ್ಲರು. ಆದರೆ ಆ ಹಿಂಡಿಯನ್ನು ಒಡೆಯುವ, ಬೀಸುವ, ಬೆರೆಸುವ ಕೆಲಸಗಾರನ ಶ್ವಾಸಕೋಶಕ್ಕೆ ಅದರಿಂದ ಏನಾಗುತ್ತದೆಂಬುದನ್ನು ಯೋಚಿಸಿದವರು ಕಡಿಮೆ. ಈ ಲೇಖನದ ವಿಷಯ ಅದೇ.

ಸಾಲೋಟಗಿ ಸೀಮೆಯ ಹಳೆಯ ಎಚ್ಚರಿಕೆ

ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿ, ಕ್ರಿ.ಶ. 945ರ ರಾಷ್ಟ್ರಕೂಟರ ಕಾಲದ ಶಾಸನದಿಂದ ಹೆಸರಾದ ಊರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಈ ಸೀಮೆ ಬಿಳಿಜೋಳಕ್ಕೆ ಪ್ರಸಿದ್ಧವಾದದ್ದು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಈ ಭಾಗದಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಪದ್ಧತಿ ಇತ್ತು. ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕೆಂಬುದು ಹಿರಿಯರ ನಿಯಮ. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡಿ ಪ್ರಾಣವಾಯುವನ್ನು ಮುಗಿಸಿ ಇಂಗಾಲದ ಡೈ ಆಕ್ಸೈಡ್ ತುಂಬಿರುತ್ತದೆ. ಅವಸರದಿಂದ ಇಳಿದವನು ಮೇಲೆ ಬರುತ್ತಿರಲಿಲ್ಲ.

ಅದೇ ಹಗೇವಿನಲ್ಲಿ ಗೋಡೆಗೆ ತಾಗಿದ ಅಂಚಿನ ಕಾಳು ನೆಲದ ತೇವ ಹೀರಿ ಮುಗ್ಗಾಗುತ್ತದೆ. ಮನುಷ್ಯರು ತಿನ್ನಲು ಬಾರದ ಇಂಥ ಕಾಳು ದನದ ಪಾಲಿಗೆ ಹೋಗುವುದು ವಾಡಿಕೆ. ಕಾಣದ ವಿಷಗಾಳಿಗೆ ಹೆದರಿದ ಜನ ಈ ಮುಗ್ಗು ಕಾಳಿನಿಂದೇಳುವ ಧೂಳಿಗೆ ಹೆದರಲಿಲ್ಲ. ಕಾರಣ ಸ್ಪಷ್ಟ. ವಿಷಗಾಳಿ ಆ ಕ್ಷಣದಲ್ಲೇ ಕೊಲ್ಲುತ್ತದೆ. ಧೂಳಿನ ಕೇಡು ತಿಳಿಯಲು ವರ್ಷಗಳು ಬೇಕು.

ಬೂಷ್ಟು ಹುಟ್ಟುವ ಬಗೆ

ಬೂಷ್ಟೆಂದರೆ ಶಿಲೀಂಧ್ರ. ಸುತ್ತಲಿನ ಗಾಳಿಯ ತೇವ ಶೇಕಡ 70ನ್ನು ದಾಟಿತೆಂದರೆ ಕಾಳಿನ ಮೇಲೆ ಅದು ಬೆಳೆಯತೊಡಗುತ್ತದೆ. ಮುಸುಕಿನ ಜೋಳದಲ್ಲಿ ನೀರಿನ ಅಂಶ ಶೇಕಡ 12ರ ಒಳಗಿದ್ದರೆ ಭಯವಿಲ್ಲ. 14ನ್ನು ದಾಟಿದರೆ ಕಷ್ಟ. ಮಲೆನಾಡಿನ ಆಷಾಢ ಶ್ರಾವಣಗಳ ಹವೆಯಲ್ಲಿ ಗಾಳಿಯ ತೇವ ದಿನಗಟ್ಟಲೆ ಶೇಕಡ 90ರ ಆಸುಪಾಸಿನಲ್ಲಿರುತ್ತದೆ. ಒಣಗಿಯೇ ಬಂದ ಚೀಲ ಕೂಡ ಅಲ್ಲಿ ಕೆಲವು ವಾರಗಳಲ್ಲಿ ತೇವ ಹೀರಿಕೊಳ್ಳುತ್ತದೆ. ಒದ್ದೆ ಹುಲ್ಲಿನ ಬಣವೆ ಒಳಗೇ ಕಾವೇರಿ 50–60 ಡಿಗ್ರಿಗೆ ಬಂದಾಗ, ಬಿಸಿಯನ್ನೇ ಬಯಸುವ ಇನ್ನೊಂದು ಜಾತಿಯ ಸೂಕ್ಷ್ಮಜೀವಿ ಹುಟ್ಟುತ್ತದೆ.

ಇವುಗಳ ಬೀಜಕಣಗಳು ಬಹು ಸಣ್ಣವು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಆದರೆ, ಬೂಷ್ಟಿನ ಕಣ 2ರಿಂದ 5 ಮೈಕ್ರಾನ್. ಕಾವೇರಿದ ಹುಲ್ಲಿನ ಜೀವಿಯ ಕಣ ಸುಮಾರು 1 ಮೈಕ್ರಾನ್. ದಪ್ಪ ಧೂಳು ಮೂಗಿನಲ್ಲೇ ನಿಲ್ಲುತ್ತದೆ. ಈ ಸಣ್ಣ ಕಣಗಳು ಮಾತ್ರ ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೂ ಇಳಿಯುತ್ತವೆ.

ಇಲ್ಲಿ ನಮ್ಮಲ್ಲಿರುವ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹರವಿ, ಬಡಿದು, ಒಳ್ಳೆಯ ಹಿಂಡಿಯೊಡನೆ ಬೆರೆಸಿದರೆ ದೋಷ ಹೋಯಿತೆಂದು ಹಲವರು ಭಾವಿಸುತ್ತಾರೆ. ಬಿಸಿಲಿಗೆ ಬೂಷ್ಟಿನ ಬೆಳವಣಿಗೆ ನಿಲ್ಲುತ್ತದೆ, ನಿಜ. ಆದರೆ ಅದು ಬಿಟ್ಟ ವಿಷ ಉಳಿಯುತ್ತದೆ, ಕಣಗಳೂ ಉಳಿಯುತ್ತವೆ. ಒದ್ದೆಯಾಗಿದ್ದಾಗ ಅಂಟಿಕೊಂಡಿದ್ದ ಕಣಗಳು ಒಣಗಿದ ಮೇಲೆ ಸಡಿಲಗೊಂಡು ಹಾರುತ್ತವೆ. ಹೀಗೆ ದನಕ್ಕಾಗಿ ಹಿಂಡಿಯನ್ನು ‘ಸರಿಪಡಿಸುವ’ ಕೆಲಸವೇ ಆಳಿಗೆ ಎಲ್ಲಕ್ಕಿಂತ ಅಪಾಯದ ಕೆಲಸವಾಗುತ್ತದೆ.

ಎದೆಗೆ ಬರುವ ಕಾಯಿಲೆಗಳು

ಮೊದಲನೆಯದು, ಕಣ್ಣುರಿ, ಸೀನು, ಕೆಮ್ಮು, ಉಬ್ಬಸ. ಧೂಳಿನ ಕೆಲಸ ಬಿಟ್ಟ ದಿನ ಕಡಿಮೆ, ಹಿಡಿದ ದಿನ ಹೆಚ್ಚು.

ಎರಡನೆಯದು ಒಮ್ಮೆಗೇ ಬಹಳ ಧೂಳು ಕುಡಿದಾಗ ಬರುವ ಜ್ವರ. ಮುಗ್ಗಾದ ರಾಶಿ ಎತ್ತಿದ ದಿನ ಕೆಲಸ ಮಾಡಿದ ನಾಲ್ಕೈದು ಜನರಿಗೂ ಒಟ್ಟಿಗೆ ಮೈಕೈ ನೋವು, ಚಳಿಜ್ವರ ಬಂದರೆ ಇದೇ ಎಂದು ಸಂದೇಹಿಸಬಹುದು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. 1932ರಲ್ಲಿ ಇಂಗ್ಲೆಂಡಿನ ವೈದ್ಯ ಕ್ಯಾಂಪ್‌ಬೆಲ್ ಮುಗ್ಗು ಹುಲ್ಲಿನಲ್ಲಿ ಕೆಲಸ ಮಾಡಿದ ರೈತರಲ್ಲಿ ಇದನ್ನು ಗುರುತಿಸಿದರು. ಇದಕ್ಕೆ ‘ರೈತನ ಶ್ವಾಸಕೋಶ’ ಎಂಬ ಹೆಸರೇ ಬಿದ್ದಿದೆ. ಕಾವೇರಿದ ಹುಲ್ಲಿನ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂದು 1963ರಲ್ಲಿ ಜ್ಯಾಕ್ ಪೆಪಿಸ್ ಮತ್ತು ಸಂಗಡಿಗರು ತೋರಿಸಿದರು. ಬೂಷ್ಟು ಹಿಡಿದ ಕಾಳಿನ ಧೂಳಿನಿಂದಲೂ ಇದೇ ಬಗೆಯ ಕಾಯಿಲೆ ಬರುತ್ತದೆ. ಧೂಳು ಕುಡಿದ 4ರಿಂದ 8 ಗಂಟೆಯ ಮೇಲೆ ಚಳಿ, ಜ್ವರ, ಒಣ ಕೆಮ್ಮು, ಏದುಸಿರು ಕಾಣಿಸಿಕೊಂಡು ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಬೆಳಿಗ್ಗೆ ಚೀಲ ಬಿಚ್ಚಿದವನಿಗೆ ಸಂಜೆ ಜ್ವರ ಬಂದರೆ ಮಳೆಯಲ್ಲಿ ನೆನೆದದ್ದರಿಂದ ಎನ್ನುತ್ತೇವೆ, ಇಲ್ಲವೆ ಮಲೇರಿಯಾ ಎನ್ನುತ್ತೇವೆ. ಹೀಗೆ ಹತ್ತಾರು ಸಲ ಆದ ಮೇಲೆ ಶ್ವಾಸಕೋಶ ನಾರುಗಟ್ಟಿ ಗಡುಸಾಗುತ್ತದೆ. ಆ ಹಂತ ತಲುಪಿದ ಶ್ವಾಸಕೋಶವನ್ನು ಯಾವ ಔಷಧವೂ ಮೊದಲಿನಂತೆ ಮಾಡಲಾರದು.

ಅಫ್ಲಟಾಕ್ಸಿನ್ ಎಂಬ ವಿಷ

ಹಿಂಡಿಯ ಬೂಷ್ಟಿಗೆ ಇನ್ನೊಂದು ಮುಖವಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅವು ತಿಂದ ಶೇಂಗಾ ಹಿಂಡಿಯಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಬೂಷ್ಟು ಬಿಟ್ಟ ವಿಷವಿತ್ತು. ಅದೇ ಅಫ್ಲಟಾಕ್ಸಿನ್. 1974ರಲ್ಲಿ ರಾಜಸ್ತಾನ, ಗುಜರಾತ್ ಗಡಿಯ ಬಾನ್ಸವಾಡಾ, ಪಂಚಮಹಲ್ ಜಿಲ್ಲೆಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 397 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ 106 ಮಂದಿ ತೀರಿಕೊಂಡರು. 1995ರಲ್ಲಿ ಅಕಾಲ ಮಳೆಯಿಂದ ಮುಗ್ಗಾದ ಜೋಳ, ಮೆಕ್ಕೆಜೋಳ ತಿಂದ ದಖನ್ ಪ್ರಸ್ಥಭೂಮಿಯ ಹಲವು ಹಳ್ಳಿಗಳ ಜನರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡಿತು. ಅಲ್ಲಿನ ವಿಷ ಬೇರೆ ಜಾತಿಯದು, ಹೆಸರು ಫ್ಯುಮೊನಿಸಿನ್. ಒಣ ಸೀಮೆಯೆಂದು ನೆಮ್ಮದಿಯಿಂದಿರುವಂತಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಅಫ್ಲಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿರ್ಣಯಿಸಿದೆ. ಅದು ಬಾಯಿಯಿಂದಷ್ಟೇ ಅಲ್ಲ, ಧೂಳಿನ ಮೂಲಕವೂ ಮೈ ಸೇರಬಲ್ಲದು. ಡೆನ್ಮಾರ್ಕಿನ ಪಶು ಆಹಾರ ಕಾರ್ಖಾನೆಗಳ ಕೆಲಸಗಾರರಲ್ಲಿ ಯಕೃತ್ತಿನ ಕ್ಯಾನ್ಸರ್ ಹೆಚ್ಚಾಗಿ ಕಂಡದ್ದನ್ನು 1988ರಲ್ಲಿ ಪ್ರಕಟವಾದ ಅಧ್ಯಯನವೊಂದು ವರದಿ ಮಾಡಿತು.

ಹಾಲಿನ ಮಾತೂ ಇಲ್ಲಿ ಬರುತ್ತದೆ. ಹಸು ತಿಂದ ಈ ವಿಷದ ಒಂದು ಪಾಲು ಹಾಲಿಗೆ ಇಳಿಯುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2019ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ 6,432 ಹಾಲಿನ ಮಾದರಿಗಳ ಪೈಕಿ 368ರಲ್ಲಿ ಇದು ಮಿತಿ ಮೀರಿತ್ತು. ಕೆಲಸಗಾರನ ಎದೆ ಕೆಡಿಸಿದ ಹಿಂಡಿ, ಕೊನೆಗೆ ನಮ್ಮ ಮಕ್ಕಳ ಲೋಟಕ್ಕೂ ಬರುತ್ತದೆ.

ಬೆಳೆಗಾರರು ಮಾಡಬೇಕಾದದ್ದು

ದೊಡ್ಡ ಕಾರ್ಖಾನೆಯಲ್ಲಿ ಧೂಳು ಏಳುವ ಜಾಗಗಳು ನಾಲ್ಕು: ಚೀಲ ಸುರಿಯುವ ಬಾಯಿ, ಬೀಸುವ ಯಂತ್ರ, ಬೆರೆಸುವ ಯಂತ್ರ, ಚೀಲ ತುಂಬುವ ಕೊಳವೆ. ಅಲ್ಲಿ ಧೂಳು ಎಳೆಯುವ ಫ್ಯಾನು, ಮುಚ್ಚಿದ ಕೊಳವೆ ಹಾಕಲು ಸಾಧ್ಯ. ನಮ್ಮ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇವೇ ನಾಲ್ಕು ಕೆಲಸಗಳು ಕಿಟಕಿಯೂ ಇಲ್ಲದೆ ನಡೆಯುತ್ತವೆ. ಆದ್ದರಿಂದ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು.

1. ಲಾರಿಯಿಂದ ಇಳಿಸುವಾಗಲೇ ನೋಡಿ. ಒದ್ದೆ ಕಲೆ, ಗಟ್ಟಿ ಹೆಂಟೆ, ಮುಗ್ಗು ವಾಸನೆ ಇರುವ ಚೀಲವನ್ನು ಹಿಂದಕ್ಕೆ ಕಳಿಸಿ. ವಾಸನೆ ನೋಡಲು ಮೂಗನ್ನು ಚೀಲದೊಳಗೆ ಹಾಕಬೇಡಿ.

2. ಮಳೆಗಾಲದಲ್ಲಿ ಒಂದು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ತರಿಸಿ. ಚೀಲಗಳನ್ನು ನೆಲದಿಂದ ಅರ್ಧ ಅಡಿ ಮೇಲೆ ಹಲಗೆಯ ಮೇಲಿಟ್ಟು, ಗೋಡೆಯಿಂದ ಒಂದೂವರೆ ಅಡಿ ದೂರ ಬಿಡಿ. ಮೊದಲು ಬಂದದ್ದು ಮೊದಲು ಖರ್ಚಾಗಲಿ.

3. ಬೂಷ್ಟು ಹಿಡಿದದ್ದನ್ನು ಆರಿಸಲು, ಒಣಗಿಸಲು, ಬೆರೆಸಲು ಹೇಳಬೇಡಿ. ಕೋಳಿಗೂ ಹಾಕಬೇಡಿ. ಮೇಲೆ ನೀರು ಚಿಮುಕಿಸಿ, ಧೂಳೇಳದಂತೆ ಎತ್ತಿ ಗೊಬ್ಬರದ ಗುಂಡಿಯಲ್ಲಿ ಮುಚ್ಚಿಸಿ. ಒಂದು ಚೀಲದ ಬೆಲೆ ಒಬ್ಬನ ಉಸಿರಿಗಿಂತ ಹೆಚ್ಚಲ್ಲ.

4. ಒಳ್ಳೆಯ ಹಿಂಡಿಯನ್ನೂ ಒಣದಾಗಿ ಕುಟ್ಟಬೇಡಿ. ಆಯಾ ದಿನದ ಪಾಲನ್ನು ಮಾತ್ರ ನೀರಿನಲ್ಲಿ ನೆನೆಸಿ ಒಡೆಯಿರಿ. ಚೀಲವನ್ನು ಎತ್ತರದಿಂದ ಸುರಿಯದೆ ತೊಟ್ಟಿಯ ಹತ್ತಿರಕ್ಕೆ ತಂದು ಬಾಯಿ ಬಿಚ್ಚಿ.

5. ಬೀಸುವ ಕೆಲಸ ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ನಡೆಯಲಿ. ನೆಲವನ್ನು ಒಣದಾಗಿ ಗುಡಿಸದೆ ನೀರು ಚಿಮುಕಿಸಿ ಗುಡಿಸಿ. ಧೂಳು ತುಂಬಿದ ಕೋಣೆಯಲ್ಲಿ ಬೀಡಿ, ಬೆಂಕಿ ಕೂಡದು. ತೆಳು ಧೂಳು ಸಿಡಿದು ಉರಿಯಬಲ್ಲದು.

6. ಮುಖಕ್ಕೆ ಸುತ್ತಿದ ಟವೆಲ್ಲು ಈ ಸಣ್ಣ ಕಣಗಳನ್ನು ತಡೆಯದು. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್–95 ಮುಖಗವುಸು ತರಿಸಿ ಕೊಡಿ. ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು. ಒದ್ದೆಯಾದದ್ದನ್ನು, ಕಟ್ಟಿಕೊಂಡದ್ದನ್ನು ಬದಲಿಸಬೇಕು. ಆದರೂ ಮುಖಗವುಸು ಕೊನೆಯ ರಕ್ಷಣೆಯೇ ಹೊರತು ಮೊದಲನೆಯದಲ್ಲ.

7. ಉಬ್ಬಸ ಇರುವವರನ್ನು ಈ ಕೆಲಸಕ್ಕೆ ಹಾಕಬೇಡಿ. ಜ್ವರ ಬಂದರೆ ವೈದ್ಯರಲ್ಲಿಗೆ ಕಳಿಸುವಾಗ, ಯಾವ ಹೊತ್ತಿನಲ್ಲಿ ಮುಗ್ಗು ಮೇವು ಮುಟ್ಟಿದರು, ಎಷ್ಟು ಗಂಟೆಯ ಮೇಲೆ ಜ್ವರ ಬಂತು ಎಂಬೆರಡನ್ನೂ ಹೇಳಲು ತಿಳಿಸಿ. ಈ ಮಾತು ಹೇಳದಿದ್ದರೆ ವೈದ್ಯರಿಗೆ ಕಾಯಿಲೆಯ ಸುಳಿವು ಸಿಗುವುದು ಕಷ್ಟ.

ಕಾನೂನಿನ ಮಾತು

ಸಾವಯವ ಧೂಳಿನಿಂದ ಬರುವ ಈ ಶ್ವಾಸಕೋಶದ ಕಾಯಿಲೆಯನ್ನು 1923ರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಕಸುಬಿನ ಕಾಯಿಲೆಯೆಂದು ಸೇರಿಸಲಾಗಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಮುಂದುವರಿದಿದೆ. ಕೈ ಮುರಿದರೆ ಹೇಗೋ ಹಾಗೆ, ಕೆಲಸದ ಧೂಳಿನಿಂದ ಉಸಿರು ಕೆಟ್ಟರೂ ಅದು ಕೆಲಸದಿಂದಾದ ಹಾನಿಯೇ. ನಮ್ಮಲ್ಲಿ ಇಬ್ಬರು ಮೂವರು ಆಳುಗಳಿರುವ ಸಣ್ಣ ಹಿಡುವಳಿದಾರರೇ ಹೆಚ್ಚು. ಎಷ್ಟೋ ಮನೆಗಳಲ್ಲಿ ಹಿಂಡಿ ಒಡೆಯುವವರು ಬೆಳೆಗಾರರೇ, ಇಲ್ಲವೆ ಮನೆಯ ಹೆಂಗಸರೇ. ಧೂಳಿಗೆ ಒಡೆಯ, ಆಳು ಎಂಬ ಭೇದವಿಲ್ಲ.

ಸಹಕಾರ ಸಂಘಗಳು ಇಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ಒಟ್ಟಾಗಿ ಖರೀದಿ ಮಾಡುವಾಗ ನೀರಿನ ಅಂಶ ಪರೀಕ್ಷಿಸುವ ಯಂತ್ರವೊಂದನ್ನು ಡಿಪೋದಲ್ಲಿಡಬಹುದು. ಪಶು ಆಹಾರದಲ್ಲಿ ಅಫ್ಲಟಾಕ್ಸಿನ್ ಬಿ–1 ಕಿಲೋಗೆ 20 ಮೈಕ್ರೊಗ್ರಾಂ ಮೀರಬಾರದೆಂಬ ಭಾರತೀಯ ಮಾನಕದ ಮಿತಿಯನ್ನು ಸರಬರಾಜುದಾರರ ಮುಂದಿಟ್ಟು ಪರೀಕ್ಷಾ ವರದಿ ಕೇಳಬಹುದು. ಕೆಟ್ಟ ಚೀಲವನ್ನು ಒಬ್ಬ ಬೆಳೆಗಾರ ಹಿಂದಕ್ಕೆ ಕಳಿಸಿದರೆ ವ್ಯಾಪಾರಿ ಕಿವಿಗೊಡದೆ ಇರಬಹುದು. ಸಂಘ ಕಳಿಸಿದರೆ ಕಿವಿಗೊಡದೆ ವಿಧಿಯಿಲ್ಲ. ಮಳೆ ಹಿಡಿಯುವ ಮುನ್ನವೇ, ಬರುವ ಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಪ್ರಸ್ತಾಪಿಸಿ ತೀರ್ಮಾನಿಸುವುದು ಲೇಸು.