ತಿಂದದ್ದು ಮೈಗೆ ಹತ್ತುವುದಿಲ್ಲ ಏಕೆ?

ಮದುವೆ ಮಾತುಕತೆಗೆ ಬಂದವರು ಹುಡುಗನ ಓದು, ಕೆಲಸ, ಮನೆತನ ಎಲ್ಲವನ್ನೂ ವಿಚಾರಿಸುತ್ತಾರೆ. ಹೊರಡುವ ಹೊತ್ತಿಗೆ ಯಾರಾದರೊಬ್ಬರು ಮೆಲ್ಲಗೆ ಕೇಳುತ್ತಾರೆ, "ಹುಡುಗ ಯಾಕೋ ಬಹಳ ಸಣ್ಣಗಿದ್ದಾನಲ್ಲ, ಏನಾದರೂ ತೊಂದರೆ ಇದೆಯಾ?" ಬಸದಿಯ ಅಂಗಳದಲ್ಲಿ ಸಿಕ್ಕ ಅಜ್ಜಿ ಕಾಲೇಜಿಗೆ ಹೋಗುವ ಹುಡುಗಿಯ ತೋಳು ಹಿಡಿದು, "ಏನವ್ವಾ, ನಿಮ್ಮವ್ವ ಊಟಕ್ಕೆ ಹಾಕೋದಿಲ್ಲೇನು?" ಎಂದು ನಗುತ್ತಾರೆ. ಕೇಳಿದವರಿಗೆ ಅದು ಸಲುಗೆಯ ಮಾತು. ಕೇಳಿಸಿಕೊಂಡವರು ಮಾತ್ರ ಮನೆಗೆ ಬಂದು ಕನ್ನಡಿ ಮುಂದೆ ನಿಲ್ಲುತ್ತಾರೆ, ಮರುದಿನ ಯಾರೋ ಹೇಳಿದ ಪುಡಿಯ ಡಬ್ಬಿ ತರಿಸುತ್ತಾರೆ.

ಇಲ್ಲಿ ಎರಡು ತಪ್ಪು ನಡೆಯುತ್ತವೆ. ಆರೋಗ್ಯವಾಗಿರುವ ಸಣಕಲು ಮೈಗೆ ಬೇಡದ ಔಷಧ ಬೀಳುತ್ತದೆ. ಇನ್ನೊಂದು ಮನೆಯಲ್ಲಿ ನಿಜವಾದ ಕಾಯಿಲೆಯಿಂದ ಸೊರಗುತ್ತಿರುವವರನ್ನು "ಅವರ ಮೈಯೇ ಹಾಗೆ" ಎಂದು ಬಿಟ್ಟುಬಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯದ್ದು.

ಮೊದಲು ತೂಕ ನಿಜವಾಗಿಯೂ ಕಡಿಮೆಯೇ ಎಂದು ನೋಡಬೇಕು. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಗೆ ಬಿಎಂಐ ಎನ್ನುತ್ತಾರೆ. ದೊಡ್ಡವರಲ್ಲಿ ಅದು 18.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ. 165 ಸೆಂಟಿಮೀಟರ್ ಎತ್ತರದವರಿಗೆ ಈ ಗೆರೆ 50 ಕಿಲೋ ಹತ್ತಿರ ಬರುತ್ತದೆ, 160 ಸೆಂಟಿಮೀಟರಿನವರಿಗೆ 47 ಕಿಲೋ ಹತ್ತಿರ. 52 ಕಿಲೋ ಇರುವ ಹುಡುಗ ನೋಡುವವರ ಕಣ್ಣಿಗೆ ಸಣ್ಣ ಕಂಡರೂ ಲೆಕ್ಕದಲ್ಲಿ ಸರಿಯಾಗಿಯೇ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು 19 ಮಹಿಳೆಯರು, 16 ಪುರುಷರು ಈ ಗೆರೆಯ ಕೆಳಗಿದ್ದಾರೆ. ಮಕ್ಕಳಿಗೆ ಈ ಲೆಕ್ಕ ಹೀಗೇ ಹೊಂದುವುದಿಲ್ಲ. ಅವರ ತೂಕವನ್ನು ವಯಸ್ಸಿನ ಬೆಳವಣಿಗೆಯ ನಕ್ಷೆಯ ಮೇಲಿಟ್ಟು ನೋಡಬೇಕು.

ಹುಟ್ಟಿನಿಂದ ಬರುವ ಮೈಕಟ್ಟು

ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಅಡುಗೆ ಉಂಡರೂ ಒಬ್ಬನ ಹೊಟ್ಟೆ ಬರುತ್ತದೆ, ಇನ್ನೊಬ್ಬನ ಮೈ ತುಂಬುವುದಿಲ್ಲ. ಇದಕ್ಕೆ ಗಟ್ಟಿ ಪುರಾವೆ ಕೆನಡಾದಲ್ಲಿ ಸಿಕ್ಕಿತು. ಕ್ಲೋಡ್ ಬುಶಾರ್ ಎಂಬ ವಿಜ್ಞಾನಿ 12 ಜೋಡಿ ತದ್ರೂಪಿ ಅವಳಿ ಯುವಕರಿಗೆ ಒಟ್ಟು 84 ದಿನ, ದಿನಕ್ಕೆ 1000 ಕ್ಯಾಲರಿ ಹೆಚ್ಚು ಊಟ ಕೊಟ್ಟು ನೋಡಿದರು. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಒಂದೇ ಪ್ರಮಾಣದ ಹೆಚ್ಚುವರಿ ಊಟ, ಆದರೆ ಒಬ್ಬನ ತೂಕ 4.3 ಕಿಲೋ ಏರಿದರೆ ಮತ್ತೊಬ್ಬನದು 13.3 ಕಿಲೋ ಏರಿತ್ತು. ಒಂದು ಜೋಡಿಯ ಅಣ್ಣ ತಮ್ಮಂದಿರಲ್ಲಿ ಮಾತ್ರ ಏರಿಕೆ ಹೆಚ್ಚುಕಡಿಮೆ ಒಂದೇ ತೆರನಾಗಿತ್ತು. ತಿಂದದ್ದು ಎಷ್ಟು ಮೈಗೆ ಹತ್ತಬೇಕು ಎನ್ನುವುದರಲ್ಲಿ ವಂಶದ ಪಾಲು ದೊಡ್ಡದು ಎಂದು ಇದರಿಂದ ತಿಳಿಯಿತು.

ಹೆಚ್ಚಾಗಿ ತಿಂದದ್ದು ಹೋಗುವುದೆಲ್ಲಿಗೆ? 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಜೇಮ್ಸ್ ಲೆವಿನ್ ತಂಡ 16 ಜನರಿಗೆ ಎಂಟು ವಾರ ಇದೇ ರೀತಿ ದಿನಕ್ಕೆ 1000 ಕ್ಯಾಲರಿ ಹೆಚ್ಚು ಕೊಟ್ಟಿತು. ಕೊಬ್ಬು ಕೂಡಿದ್ದು ಒಬ್ಬರಿಗೆ ಅರ್ಧ ಕಿಲೋಗಿಂತ ಕಡಿಮೆ, ಇನ್ನೊಬ್ಬರಿಗೆ 4 ಕಿಲೋಗೂ ಮೇಲೆ. ಕಡಿಮೆ ಕೂಡಿದವರು ಗೊತ್ತಿಲ್ಲದೆಯೇ ಹೆಚ್ಚು ಅಲುಗಾಡುತ್ತಿದ್ದರು. ಕುಳಿತಲ್ಲಿ ಕಾಲು ಕುಣಿಸುವುದು, ಎದ್ದು ಓಡಾಡುವುದು, ನಿಂತೇ ಇರುವುದು, ಇವೆಲ್ಲ ಸೇರಿ ಆ ಕ್ಯಾಲರಿ ಖರ್ಚಾಗುತ್ತಿತ್ತು. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಬಿಟ್ಟೇಳದವರನ್ನೂ ಇಡೀ ದಿನ ಕಪಾಟು ಗೋದಾಮು ಎಂದು ಓಡಾಡುವವರನ್ನೂ ಪಕ್ಕಪಕ್ಕ ನೋಡಿದವರಿಗೆ ಇದು ಅಷ್ಟೇನೂ ಹೊಸ ಸಂಗತಿ ಅನ್ನಿಸದು.

ತಂದೆಯೋ ತಾಯಿಯೋ ಚಿಕ್ಕಂದಿನಲ್ಲಿ ಹೀಗೇ ಇದ್ದರೆ, ತೂಕ ವರ್ಷಗಟ್ಟಲೆ ಒಂದೇ ಕಡೆ ನಿಂತಿದ್ದರೆ, ಹಸಿವು, ನಿದ್ದೆ, ಮಲವಿಸರ್ಜನೆ, ಹೆಣ್ಣುಮಕ್ಕಳಿಗೆ ತಿಂಗಳ ಮುಟ್ಟು ಸರಿಯಾಗಿದ್ದರೆ ಹೆಚ್ಚು ಗಾಬರಿ ಬೇಡ.

ಇದ್ದ ತೂಕ ಇಳಿದರೆ

ಮೊದಲಿನಿಂದ ಸಣ್ಣಗಿರುವುದು ಬೇರೆ, ಇದ್ದ ತೂಕ ಇಳಿಯುವುದು ಬೇರೆ. ಪ್ರಯತ್ನವಿಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ ಐದರಷ್ಟು, ಅಂದರೆ 60 ಕಿಲೋ ಇದ್ದವರು 3 ಕಿಲೋ ಇಳಿದರೆ ವೈದ್ಯರ ಹತ್ತಿರ ಹೋಗಲೇಬೇಕು. ಕೊರಳಪಟ್ಟಿ ಸಡಿಲವಾಯಿತು, ಉಂಗುರ ಜಾರುತ್ತಿದೆ, ಸೊಂಟದ ಬೆಲ್ಟಿಗೆ ಹೊಸ ತೂತು ಬೇಕಾಯಿತು ಎನ್ನುವುದನ್ನು ಮನೆಯವರೇ ಮೊದಲು ಗಮನಿಸುತ್ತಾರೆ.

ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಚೆನ್ನಾಗಿ ತಿಂದರೂ ತೂಕ ಇಳಿಯುತ್ತದೆ. ಎದೆ ಡವಡವ, ಕೈ ನಡುಕ, ಸೆಕೆ ತಡೆಯಲಾಗದಿರುವುದು ಅದರ ಗುರುತು. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಚಿಕಿತ್ಸೆಯೂ ಇದೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ ಕ್ಷಯ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಯೂ ಔಷಧವೂ ಉಚಿತ. ಅನುಕೂಲಸ್ಥರ ಮನೆಗೆ ಕ್ಷಯ ಬರುವುದಿಲ್ಲ ಎಂಬ ನಂಬಿಕೆ ಇನ್ನೂ ಕೆಲವರಲ್ಲಿದೆ. ಅದು ಗಾಳಿಯಲ್ಲಿ ಹರಡುವ ರೋಗ, ಮನೆತನ ಕೇಳಿ ಬರುವುದಿಲ್ಲ.

ಗೋಧಿ ಹೆಚ್ಚು ತಿನ್ನುವ ಮನೆಗಳಲ್ಲಿ ಸೀಲಿಯಾಕ್ ಎಂಬ ತೊಂದರೆಯೂ ನೆನಪಿರಲಿ. ಗೋಧಿಯಲ್ಲಿರುವ ಗ್ಲೂಟೆನ್ ಕೆಲವರ ಕರುಳಿಗೆ ಆಗದು. ಹೊಟ್ಟೆ ಉಬ್ಬರ, ಪದೇಪದೇ ಭೇದಿ, ವಾಸಿಯಾಗದ ರಕ್ತಹೀನತೆ, ಮಗು ಬೆಳೆಯದಿರುವುದು ಕಾಣುತ್ತದೆ. ರಕ್ತ ಪರೀಕ್ಷೆ ಆಗುವ ಮೊದಲೇ ಚಪಾತಿ ನಿಲ್ಲಿಸಿಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಸಿಕ್ಕದೇ ಹೋಗಬಹುದು. ಮಕ್ಕಳಿಗೆ ಹುಳದ ಬಾಧೆಯೂ ಒಂದು ಕಾರಣ. ಶಾಲೆ ಅಂಗನವಾಡಿಗಳಲ್ಲಿ ಹುಳದ ಮಾತ್ರೆ ಕೊಡುವ ದಿನ ತಪ್ಪಿಸಬಾರದು. ವಯಸ್ಸಾದವರಲ್ಲಿ ಹಲ್ಲಿಲ್ಲದ್ದು, ಒಂಟಿತನ, ಮನಸ್ಸಿನ ಬೇಸರ, ಕೆಲವು ಮಾತ್ರೆಗಳಿಂದ ಹಸಿವು ಸಾಯುವುದು, ಒಮ್ಮೊಮ್ಮೆ ಕ್ಯಾನ್ಸರ್ ಕೂಡ ಕಾರಣವಾಗುತ್ತದೆ.

ಮಕ್ಕಳ ಒಂದು ಕಾಯಿಲೆಯನ್ನು ಬಿಡಿಸಿ ಹೇಳಬೇಕು. ಚೆನ್ನಾಗಿದ್ದ ಮಗು ಕೆಲವೇ ವಾರಗಳಲ್ಲಿ ಸೊರಗಿ, ಪದೇಪದೇ ಮೂತ್ರಕ್ಕೆ ಎದ್ದು, ನೀರು ನೀರು ಎಂದು ಕೇಳುತ್ತಿದ್ದರೆ ಅದು ಟೈಪ್ 1 ಸಕ್ಕರೆ ಕಾಯಿಲೆ ಇರಬಹುದು. ಸೂರ್ಯಾಸ್ತದ ಮೇಲೆ ನೀರೂ ಕುಡಿಯದ ಮನೆಯಲ್ಲಿ ರಾತ್ರಿ ನೀರು ಕೇಳುವ ಮಗುವನ್ನು ಹಟಮಾರಿ ಎಂದು ಸುಮ್ಮನಾಗಿಸುವ ಸಾಧ್ಯತೆ ಇರುತ್ತದೆ. ಹಾಗೆ ಮಾಡಬಾರದು. ನೀರು ಕೊಟ್ಟು, ಆ ದಿನವೇ ಬೆರಳ ತುದಿಯ ಒಂದು ಹನಿ ರಕ್ತ ಪರೀಕ್ಷೆ ಮಾಡಿಸಬೇಕು. ಒಂದು ನಿಮಿಷದ ಕೆಲಸ. ತಡವಾದರೆ ಮಗು ಪ್ರಜ್ಞೆ ತಪ್ಪುವ ಸ್ಥಿತಿಗೆ ಹೋಗುತ್ತದೆ.

ವ್ರತ ಉಳಿಯಿತು, ಊಟ ತಪ್ಪಿತು

ರಾತ್ರಿ ಊಟ ಬಿಟ್ಟಿರುವುದರಿಂದ, ಗೆಡ್ಡೆಗೆಣಸು ತಿನ್ನದಿರುವುದರಿಂದ ಜೈನರು ಸಣ್ಣಗಿರುತ್ತಾರೆ ಎಂದು ಹೊರಗಿನವರು ಹೇಳುವುದುಂಟು. ಹಾಗಿದ್ದರೆ ಸಮಾಜದಲ್ಲಿ ಬೊಜ್ಜಿನ ದೂರು ಇರಬಾರದಿತ್ತು! ಸೂರ್ಯಾಸ್ತಕ್ಕೆ ಮೊದಲು ಹೊಟ್ಟೆತುಂಬ ಉಂಡವರಿಗೆ ಅದರಿಂದ ತೂಕ ಕಡಿಮೆಯಾಗುವ ಕಾರಣವಿಲ್ಲ. ತೊಂದರೆ ಬರುವುದು ಆ ಸಂಜೆಯ ಊಟವೇ ತಪ್ಪಿಹೋದಾಗ.

ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದು ಕೆಲಸ ಮಾಡುವ ಹುಡುಗನ ದಿನ ನೋಡಿ. ಬೆಳಿಗ್ಗೆ ಎಂಟೂವರೆಗೆ ಎರಡು ಇಡ್ಲಿ. ಮಧ್ಯಾಹ್ನ ಎರಡಕ್ಕೆ ಕ್ಯಾಂಟೀನಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬಿಟ್ಟು ಉಳಿದದ್ದು, ಅಂದರೆ ಹೆಚ್ಚಿನ ದಿನ ಮೊಸರನ್ನ. ಕಚೇರಿ ಬಿಡುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಚಳಿಗಾಲದಲ್ಲಂತೂ ಆರು ಗಂಟೆಗೇ ಕತ್ತಲೆ. ನಿಯಮ ಬಿಡುವ ಮನಸ್ಸಿಲ್ಲ, ಹಾಗೇ ಮಲಗುತ್ತಾನೆ. ಎರಡು ಗಂಟೆಯ ಊಟದಿಂದ ಮರುದಿನದ ಇಡ್ಲಿಯವರೆಗೆ ಹದಿನೆಂಟೂವರೆ ಗಂಟೆ. ಊರಲ್ಲಿ ಅಂಗಡಿ ಇಟ್ಟವರದೂ ಇದೇ ಕಥೆ: ಗಿರಾಕಿ ಬರುವ ಹೊತ್ತೂ ಊಟದ ಹೊತ್ತೂ ಒಂದೇ. ಮನೆಯಿಂದ ಎರಡು ಸಲ ಫೋನ್ ಬರುತ್ತದೆ, "ಬಂದೆ" ಎಂದು ಎರಡು ಸಲ ಉತ್ತರ ಹೋಗುತ್ತದೆ, ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತದೆ. ಇಂಥವರು ಮೂರು ಊಟದ ಜಾಗದಲ್ಲಿ ಎರಡು ಉಣ್ಣುತ್ತಿದ್ದಾರೆ. ಆದರೆ ಕೇಳಿದರೆ "ಚೆನ್ನಾಗಿ ತಿಂತೀನಿ" ಎಂದೇ ಹೇಳುತ್ತಾರೆ, ಕುಳಿತಾಗ ಚೆನ್ನಾಗಿಯೇ ತಿನ್ನುವುದರಿಂದ ಅದು ಸುಳ್ಳೂ ಅಲ್ಲ.

ಪರಿಹಾರ ಸಂಜೆ ಐದೂವರೆಯ ಡಬ್ಬಿ. ಬೆಳಿಗ್ಗೆ ಕಟ್ಟಿದ ಚಪಾತಿ ಪಲ್ಯ, ಇಲ್ಲವೇ ಅವಲಕ್ಕಿ, ಶೇಂಗಾ ಉಂಡೆ, ಬಾಳೆಹಣ್ಣು ಏನಾದರೂ ಸರಿ, ಊಟವೆನ್ನುವಷ್ಟು ಇರಬೇಕು. ಚಹಾ ಬಿಸ್ಕತ್ತು ಲೆಕ್ಕಕ್ಕಿಲ್ಲ. ಚಹಾ ಇದ್ದ ಹಸಿವನ್ನೂ ಕೊಲ್ಲುತ್ತದೆ. ಬೆಳಗಿನ ತಿಂಡಿಯನ್ನೂ ಊಟದಂತೆ ದೊಡ್ಡದು ಮಾಡಿಕೊಳ್ಳಬೇಕಾಗುತ್ತದೆ. ಅಂಗಡಿಯವರು ಆ ಇಪ್ಪತ್ತು ನಿಮಿಷ ಗಲ್ಲಾ ನೋಡಲು ಮಗನನ್ನೋ ಕೆಲಸದವರನ್ನೋ ಕೂರಿಸುವುದು ಸಾಧ್ಯವಿಲ್ಲದ ಮಾತೇನಲ್ಲ.

ಏನು ತಿನ್ನಬೇಕು

ತೂಕ ಏರಲು ಎಲ್ಲೆಡೆ ಹೇಳುವ ಪಟ್ಟಿಯಲ್ಲಿ ಮೊಟ್ಟೆ, ಆಲೂಗಡ್ಡೆ, ಗೆಣಸು, ಜೇನು, ಅಂಜೂರ ಇರುತ್ತವೆ. ಶ್ರಾವಕರ ಮನೆಯಲ್ಲಿ ಇವು ನಡೆಯುವುದಿಲ್ಲ, ಇವಿಲ್ಲದೆ ಏನೂ ಕೊರತೆಯೂ ಆಗುವುದಿಲ್ಲ. ನಿಧಾನವಾಗಿ ತೂಕ ಏರಲು ದಿನಕ್ಕೆ 300ರಿಂದ 500 ಕ್ಯಾಲರಿ ಹೆಚ್ಚು ಬೇಕು. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ ಸುಮಾರು 170, ಒಂದು ಬಾಳೆಹಣ್ಣಿನಲ್ಲಿ ಸುಮಾರು 100, ಎರಡು ಚಿಕ್ಕ ಚಮಚ ತುಪ್ಪದಲ್ಲಿ 90 ಕ್ಯಾಲರಿ ಇವೆ. ಇಷ್ಟನ್ನೇ ಈಗಿನ ಊಟಕ್ಕೆ ಸೇರಿಸಿದರೆ 360 ಆಯಿತು. ಶೇಂಗಾ ಮಣ್ಣೊಳಗೆ ಬೆಳೆದರೂ ಬೀಜವೇ ಹೊರತು ಗೆಡ್ಡೆಯಲ್ಲ ಎಂದು ಹೆಚ್ಚಿನ ಮನೆಗಳಲ್ಲಿ ತಿನ್ನುತ್ತಾರೆ.

ಬರೀ ತುಪ್ಪ ಸಿಹಿಯಿಂದ ತೂಕ ಏರಿಸಿಕೊಂಡರೆ ಹೊಟ್ಟೆಯೊಂದೇ ಬರುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮ ಫೋಟೋವನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್‌ರಿಗೆ ಶೇಕಡ 9.1, ಯಾಜ್ಞಿಕ್‌ರಿಗೆ ಶೇಕಡ 21.2. ಭಾರತೀಯರಿಗೆ ಸಣ್ಣಗೆ ಕಾಣುವಾಗಲೂ ಒಳಗೆ ಕೊಬ್ಬು ಸೇರುವ ಸ್ವಭಾವವಿದೆ, ಸಕ್ಕರೆ ಕಾಯಿಲೆ ಬೇಗ ಬರಲು ಇದೂ ಒಂದು ಕಾರಣ. ಆದ್ದರಿಂದ ಮಾಂಸಖಂಡ ಬೆಳೆಯಬೇಕು. ಅದಕ್ಕೆ ಪ್ರೋಟೀನ್ ಬೇಕು, ಭಾರ ಎತ್ತುವ ಅಥವಾ ದಂಡ ಬೈಠಕ್ ತರಹದ ವ್ಯಾಯಾಮ ಬೇಕು. ದೊಡ್ಡವರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕ. 55 ಕಿಲೋದವರಿಗೆ ಸುಮಾರು 46 ಗ್ರಾಂ. ತೆಳ್ಳನೆಯ ಸಾರಿನಲ್ಲಿ ಇದು ಸಿಗುವುದಿಲ್ಲ. ಗಟ್ಟಿ ಬೇಳೆ, ಹೆಸರುಕಾಳು ಕಡಲೆಯ ಉಸಲಿ, ಹಾಲು, ಮೊಸರು, ಪನೀರ್ ಬೇಕು. ದ್ವಿದಳ ದೋಷ ಪಾಲಿಸುವವರು ಬೇಳೆಯನ್ನೂ ಮೊಸರನ್ನೂ ಬೇರೆ ಬೇರೆ ಹೊತ್ತಿಗೆ ಇಟ್ಟುಕೊಳ್ಳಬಹುದು. ವಿಟಮಿನ್ ಬಿ12 ಗಿಡದ ಆಹಾರದಲ್ಲಿ ಇಲ್ಲವೆಂದೇ ಹೇಳಬಹುದು; ಹಾಲು ಮೊಸರು ಕಡಿಮೆ ತಿನ್ನುವವರಲ್ಲಿ ಅದು ಇಳಿದು ಹಸಿವು ಮಂದವಾಗುವುದು, ಬಾಯಿ ಹುಣ್ಣು, ಪಾದ ಜುಮುಗುಟ್ಟುವುದು ಆಗುತ್ತದೆ. ಪರೀಕ್ಷೆ ಮಾಡಿಸಿ ಮಾತ್ರೆ ತೆಗೆದುಕೊಳ್ಳಬೇಕು. ಕ್ಯಾಪ್ಸೂಲಿನ ಹೊದಿಕೆ ಹೆಚ್ಚಾಗಿ ಪ್ರಾಣಿಮೂಲದ ಜೆಲಟಿನ್. ಗುಳಿಗೆ ರೂಪದ್ದು ಕೊಡಿ ಎಂದು ಕೇಳಿದರೆ ಸಿಗುತ್ತದೆ.

ಪುಡಿಯ ಡಬ್ಬಿಗಳ ವಿಚಾರ. ತಿಂಗಳಿಗೆ ಐದಾರು ಕಿಲೋ ಏರಿಸುವ ಭರವಸೆಯ, ಸರಿಯಾದ ಲೇಬಲ್ ಇಲ್ಲದ ಪುಡಿ ಮಾತ್ರೆಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಅಥವಾ ಸೈಪ್ರೊಹೆಪ್ಟಡಿನ್ ಬೆರೆಸಿರುವುದುಂಟು. ಸೈಪ್ರೊಹೆಪ್ಟಡಿನ್ ಅಲರ್ಜಿಯ ಮಾತ್ರೆ. ಹಸಿವೂ ಹೆಚ್ಚುತ್ತದೆ, ತೂಕಡಿಕೆಯೂ ಬರುತ್ತದೆ. ಸ್ಟೀರಾಯ್ಡಿನಿಂದ ಎರಡೇ ವಾರದಲ್ಲಿ ಮುಖ ದುಂಡಗಾದಾಗ ಮನೆಯವರು ಸಂತೋಷಪಡುತ್ತಾರೆ. ಅದರಲ್ಲಿ ಬಹುಪಾಲು ನೀರು ಮತ್ತು ಕೊಬ್ಬು. ಜೊತೆಗೆ ಸಕ್ಕರೆ, ರಕ್ತದೊತ್ತಡ ಏರುತ್ತವೆ, ಮೂಳೆ ಸವೆಯುತ್ತದೆ. ಬಹಳ ದಿನ ತಿಂದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಡಬ್ಬಿಯನ್ನೇ ಹಿಡಿದುಕೊಂಡು ವೈದ್ಯರ ಬಳಿ ಹೋಗಬೇಕು. ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ಒಳಗೇನಿದೆ ಎಂಬ ಪಟ್ಟಿ ಇಲ್ಲದ ಸರಕನ್ನು ವ್ಯಾಪಾರಸ್ಥರು ಮಾರಲೂ ಬಾರದು.

ದಶಲಕ್ಷಣ ಪರ್ವ ಬಂದಾಗ ತೆಳ್ಳಗಿರುವವರಿಗೆ ಉಪವಾಸದ ಪ್ರಶ್ನೆ ಏಳುತ್ತದೆ. ಹದಿನಾರು ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಕ್ತಿಗೆ ತಕ್ಕಂತೆ ಎಂಬ ಮಾತು ಸೇರಿಯೇ ಇದೆ. ಬಿಎಂಐ 18.5ಕ್ಕಿಂತ ಕೆಳಗಿರುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿ, ಬೇಡವೆಂದರೆ ಸ್ವಾಧ್ಯಾಯ ಜಪದಲ್ಲಿ ಪರ್ವ ಕಳೆಯುವುದು ಉಚಿತ. ಪಕ್ಕದ ಮನೆಯವರು ಹತ್ತು ಉಪವಾಸ ಮಾಡಿದರೆಂದು ಪೈಪೋಟಿ ಬೇಡ.

ವೈದ್ಯರ ಹತ್ತಿರ ಹೋಗುವಾಗ ಒಂದು ವಾರ ಎಷ್ಟು ಗಂಟೆಗೆ ಏನು ತಿಂದರು ಎಂದು ಬರೆದ ಚೀಟಿ, ಹಳೆಯ ತೂಕದ ದಾಖಲೆ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳು ಜೊತೆಯಲ್ಲಿರಲಿ. ರಾತ್ರಿ ಆಹಾರ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಕೇಳದಿದ್ದರೂ ಹೇಳಬೇಕು. "ರಾತ್ರಿ ಊಟದ ನಂತರ" ಎಂದು ಬರೆದ ಗುಳಿಗೆಯನ್ನು ಸಂಜೆ ಐದೂವರೆಗೆ ತೆಗೆದುಕೊಳ್ಳಬಹುದೇ, ಇಲ್ಲದಿದ್ದರೆ ಬೇರೆ ಏನು ಮಾಡಬಹುದು ಎನ್ನುವುದನ್ನು ಅಲ್ಲೇ ಕೇಳಿ ಚೀಟಿಯಲ್ಲಿ ಬರೆಸಿಕೊಂಡು ಬರಬೇಕು.