ಹಿಂದಿನ ಅಚ್ಚಿನ ಗೊಣಗಾಟ

ಕಾವೆಂಟ್ರಿ ಆಸುಪಾಸಿನಲ್ಲಿ ಹಳೇ ಜಾಗ್ವಾರ್ ರಿಪೇರಿ ಮಾಡುವ ಗ್ಯಾರೇಜಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಗಂಧಕದ ವಾಸನೆ. ಹಳೆಯ ಗೇರ್ ಆಯಿಲಿನದು. ಲಿಫ್ಟಿನ ಮೇಲೆ 1970ರ ದಶಕದ ಎಕ್ಸ್‌ಜೆ-ಎಸ್. ಮುಂದೆ 5.3 ಲೀಟರಿನ ಹನ್ನೆರಡು ಸಿಲಿಂಡರ್ ಎಂಜಿನ್, ಒಳಗೆ ಚರ್ಮದ ಸೀಟು. ಮೆಕ್ಯಾನಿಕ್‌ಗೆ ಅವೆರಡೂ ಬೇಡ. ಟಾರ್ಚ್ ಹಿಡಿದು, ಹಿಂಚಕ್ರಗಳ ನಡುವಿನ ಉಕ್ಕಿನ ಪಂಜರದೊಳಕ್ಕೆ ಕತ್ತು ತೂರಿಸಿದ್ದಾನೆ.

ಪಂಜರದ ನಡುವೆ ಡಿಫರೆನ್ಷಿಯಲ್, ಅದಕ್ಕೆ ಆತುಕೊಂಡೇ ಎರಡೂ ಬದಿ ಬ್ರೇಕ್ ಡಿಸ್ಕ್, ಸುತ್ತ ನಾಲ್ಕು ಸ್ಪ್ರಿಂಗ್. ಡಿಸ್ಕನ್ನು ಚಕ್ರದಿಂದ ಒಳಕ್ಕೆ ತಂದದ್ದರಿಂದ ಚಕ್ರ ಹಗುರವಾಯಿತು, ಸವಾರಿ ಮೆತ್ತಗಾಯಿತು. ದಂಡ ತೆತ್ತದ್ದು ಆಯಿಲ್ ಸೀಲ್. ಬ್ರೇಕಿನ ಕಾವಿಗೆ ಬೆಂದು, ಪೆಡಸಾಗಿ, ಆಯಿಲನ್ನು ಡಿಸ್ಕಿನ ಮೇಲೇ ಜಿನುಗಿಸುತ್ತದೆ.

ಕಣದಲ್ಲಿ ಮೇಟಿ ಸುತ್ತುವ ಎತ್ತುಗಳಲ್ಲಿ ಹೊರಗಿನದಕ್ಕೆ ನಡಿಗೆ ಜಾಸ್ತಿ. ತಿರುವಿನಲ್ಲಿ ಹೊರಚಕ್ರಕ್ಕೂ ಅಷ್ಟೇ. ಆ ವ್ಯತ್ಯಾಸಕ್ಕೆ ಎಡೆ ಮಾಡಿಕೊಡುವುದೇ ಡಿಫರೆನ್ಷಿಯಲ್. ಆದರೆ ಒಂದು ಚಕ್ರ ಒದ್ದೆ ಹುಲ್ಲು ಹತ್ತಿತೋ, ಅದೊಂದೇ ಗಿರಗಿರ ತಿರುಗಿ ಕಾರು ನಿಂತಲ್ಲೇ ನಿಲ್ಲುತ್ತದೆ. ಅದಕ್ಕೆ ಲಗಾಮು ಲಿಮಿಟೆಡ್ ಸ್ಲಿಪ್. ಇಲ್ಲಿರುವುದು ಪವರ್-ಲಾಕ್ ನಮೂನೆಯದು: ಎರಡೂ ಬದಿ ಕ್ಲಚ್ ಪ್ಲೇಟುಗಳ ಕಟ್ಟು, ನಡುವೆ ಒಂದರ ಮೇಲೊಂದು ಅಡ್ಡ ಕೂತ ಎರಡು ಶಾಫ್ಟ್. ಆಕ್ಸಲರೇಟರ್ ತುಳಿದಾಗ ಶಾಫ್ಟುಗಳು ಓರೆ ಮೈಯನ್ನೇರಿ ಪ್ಲೇಟುಗಳನ್ನು ಒತ್ತಿ ಬಿಗಿಯುತ್ತವೆ.

ಮಾಲೀಕರು ಬರುವುದು ಸದ್ದಿನ ದೂರು ಹೊತ್ತು. ಪಾರ್ಕಿಂಗ್ ಮಾಡುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಹಿಂದಿನಿಂದ ಗೊರಗೊರ, ಕಟಕಟ. ಎಷ್ಟೋ ಸಲ ಅದು ಬರೀ ಆಯಿಲಿನ ತಕರಾರು. ಪ್ಲೇಟುಗಳು ನಯವಾಗಿ ಜಾರಲು ಬೇಕಾದ ಮಿಶ್ರಣ ಆ ಆಯಿಲಿನಲ್ಲಿ ಇರುವುದಿಲ್ಲ. ಸರಿಯಾದದ್ದನ್ನು ತುಂಬಿ, ಬಯಲಿನಲ್ಲಿ ಎಂಟರ ಆಕಾರದಲ್ಲಿ ಕಾರು ಸುತ್ತಿಸಿದರೆ ಗೊಣಗಾಟ ಅಡಗಬಹುದು. ನಿಜಕ್ಕೂ ಸವೆದದ್ದು ಗೊಣಗುವುದೇ ಕಡಿಮೆ. ಮಾಮೂಲಿ ಡಿಫರೆನ್ಷಿಯಲ್ ಥರ ತೆಪ್ಪಗೆ ಓಡುತ್ತದೆ. ಕೆಸರಿನಲ್ಲಿ ಸಿಕ್ಕಿಕೊಳ್ಳುವವರೆಗೆ ಮಾಲೀಕನಿಗೆ ಸುಳಿವೇ ಇಲ್ಲ. ಹಿಂದೆ ಒಂದು ಹೊಸ ಟೈರು, ಒಂದು ಸವಕಲು ಹಾಕಿದವರ ಪ್ಲೇಟುಗಳಂತೂ ನೇರ ರಸ್ತೆಯಲ್ಲೂ ಉಜ್ಜುತ್ತಲೇ ಇರುತ್ತವೆ. (ಜಾಗ್ವಾರ್ ಕೊಂಡವರಿಗೆ ಟೈರಿನಲ್ಲಿ ಅದೆಂಥ ಉಳಿತಾಯವೋ!)

ಮೆಕ್ಯಾನಿಕ್ ಗೇರನ್ನು ನ್ಯೂಟ್ರಲ್‌ಗೆ ತಂದು, ಗಾಳಿಯಲ್ಲಿರುವ ಎಡಚಕ್ರವನ್ನು ಕೈಯಿಂದ ತಿರುಗಿಸುತ್ತಾನೆ. ಬಲಚಕ್ರವೂ ಅದೇ ದಿಕ್ಕಿಗೆ ತಿರುಗಿದ್ದರೆ ಬಿಗಿ ಉಳಿದಿದೆ ಎನ್ನಬಹುದಿತ್ತು. ಅದು ಸಲೀಸಾಗಿ ಹಿಂದಕ್ಕೆ ತಿರುಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಪಂಜರ ನೆಲದ ಮೇಲೆ, ಪ್ಲೇಟುಗಳು ಬೆಂಚಿನ ಮೇಲೆ. ತುಸು ಬಟ್ಟಲಾಗಿ ಬಾಗಿರಬೇಕಾದವು ಚಪ್ಪಟೆಯಾಗಿವೆ, ಉಜ್ಜಿದ ಮುಖ ನುಣ್ಣಗೆ ಮಿನುಗುತ್ತಿದೆ, ಒಂದೆರಡರ ಮೇಲೆ ಕಾವಿನ ನೀಲಿ ಕಲೆ. ಹೊಸ ಪ್ಲೇಟುಗಳ ಜೊತೆಗೆ ಸೀಲು, ಬೇರಿಂಗ್, ಮೇಲುಗಡೆ ಕೈಗೆ ಸಿಗದ ಹ್ಯಾಂಡ್‌ಬ್ರೇಕ್ ಪ್ಯಾಡು, ಎಲ್ಲ ಪಟ್ಟಿ ಸೇರುತ್ತವೆ. ಅಷ್ಟು ಭಾರದ ಪಂಜರವನ್ನು ಎರಡನೇ ಸಲ ಇಳಿಸುವ ಉಮೇದು ಯಾರಿಗೂ ಇಲ್ಲ.