ಪ್ಯಾಕೇಜಿಗೂ ರಿಕವರಿ ಉಂಟು

“ಎಂಟು ಲಕ್ಷ ಪ್ಯಾಕೇಜ್ ಅಂತೆ ಕಣಣ್ಣ. ಇಲ್ಲೇ ಅಚ್ಚು ಹಾಕವ್ರೆ ನೋಡು.”

ಪಾಂಡವಪುರದ ಟೀ ಅಂಗಡಿಯೊಂದರಲ್ಲಿ ನಮ್ಮ ದೂರದ ನೆಂಟರು ಜೇಬಿನಿಂದ ನಾಲ್ಕು ಮಡಿಕೆಯ ಬಣ್ಣದ ಕಾಗದ ತೆಗೆದು ಹರವಿದರು. ಮಗನನ್ನು ಸೇರಿಸಬೇಕೆಂದಿದ್ದ, ಬೆಂಗಳೂರಿನ ಯಾವುದೋ ಖಾಸಗಿ ಕಾಲೇಜಿನದು. ಮಾಸ್ ಕಮ್ಯುನಿಕೇಷನ್ ಮತ್ತು ಪಬ್ಲಿಕ್ ರಿಲೇಷನ್ಸ್ ಪದವಿ. ಮೂರು ವರ್ಷಕ್ಕೆ ಊಟ, ವಸತಿ ಎಲ್ಲ ಸೇರಿ ಆರು ಲಕ್ಷ, ಅಷ್ಟೂ ಬ್ಯಾಂಕ್ ಸಾಲ. “ಕೆಲಸಕ್ಕೆ ಸೇರಿದ ಒಂದೇ ವರ್ಷಕ್ಕೆ ವಾಪಸ್ ಬತ್ತದೆ ಬುಡು” ಎಂದರು.

ಕಾಗದದಲ್ಲಿ ಅಚ್ಚಾದ ಪ್ಯಾಕೇಜೇ ಮಗನ ಸಂಬಳ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಮದುವೆ ಮನೆಗೆ ಹೋದರೂ ಕೇಳಸಿಗುವ ಈ ನಂಬಿಕೆ ನನ್ನ ತಾಳ್ಮೆ ಕೆಡಿಸುತ್ತದೆ. ಯಾಕೆಂದರೆ ನಂಬುವವರು ದಡ್ಡರಲ್ಲ. ಕೇಂದ್ರ ಸರ್ಕಾರ 2024-25ರ ಹಂಗಾಮಿಗೆ ಕಬ್ಬಿನ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿ ಟನ್ನಿಗೆ 3,400 ರೂಪಾಯಿ ಎಂದು ಸಾರಿದಾಗ ಇದೇ ನೆಂಟರು ನಕ್ಕಿದ್ದರು. “ಅದು 10.25 ರಿಕವರಿಗೆ ಕಣಪ್ಪ. ಕಟಾವು, ಸಾಗಣೆ ಕಳೆದು ಕೈಗೆಷ್ಟು, ಅದನ್ನ ಹೇಳು” ಎಂದಿದ್ದರು. ರಿಕವರಿ ಎಂದರೆ ಕಬ್ಬಿನಿಂದ ಇಳಿಯುವ ಸಕ್ಕರೆಯ ಶೇಕಡಾವಾರು.

ಪ್ಯಾಕೇಜೂ ಹಾಗೆಯೇ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆಯ ಕಂತು, ‘ಚೆನ್ನಾಗಿ ಕೆಲಸ ಮಾಡಿದರೆ’ ಬರುವ ಬೋನಸ್ಸು, ಇವೆಲ್ಲ ಅದರೊಳಗೇ ಇರಬಹುದು. ಇವನ್ನು ಕಳೆದು ಉಳಿಯುವುದು ಕೈಗೆ ಬರುವ ಸಂಬಳ. ಮೇಲಾಗಿ ಆ ಎಂಟು ಲಕ್ಷದ ಪಕ್ಕ ಸಣ್ಣ ಅಕ್ಷರದಲ್ಲಿ ‘ಗರಿಷ್ಠ’ ಎಂದಿತ್ತು. ಅಂದರೆ ಇಡೀ ತರಗತಿಯಲ್ಲಿ ಒಬ್ಬನಿಗೆ. ಇಡೀ ಊರಿನಲ್ಲಿ ಒಬ್ಬನ ಗದ್ದೆಯಲ್ಲಿ ಬಂದ ಇಳುವರಿಯನ್ನು ನಂಬಿ ಯಾರಾದರೂ ಸಾಲ ಎತ್ತುತ್ತಾರೆಯೇ? ‘ಸರಾಸರಿ’ ಎಂದು ಬರೆದಿದ್ದರೂ ಹಿಗ್ಗಬೇಡಿ. ಕೆಲಸ ಸಿಕ್ಕವರನ್ನು ಮಾತ್ರ ಲೆಕ್ಕ ಹಿಡಿದು ಸರಾಸರಿ ತೆಗೆಯುವುದು ಕಷ್ಟದ ಕೆಲಸವೇನಲ್ಲ. ಪಾಸಾದವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತ ಹುಡುಗನನ್ನು ಕೇಳಬೇಕು. ನಿಮ್ಮ ಮಗ ಅವನ ಆಸುಪಾಸಿನಲ್ಲೇ ನಿಲ್ಲುವ ಸಂಭವ ಹೆಚ್ಚು.

ಇನ್ನು ಸಾಲ. ಕಂತು ಓದು ಮುಗಿದ ಮೇಲೆ, ಸರಿ. ಬಡ್ಡಿ ಮಾತ್ರ ದುಡ್ಡು ಎತ್ತಿದ ದಿನದಿಂದಲೇ ಓಡುತ್ತದೆ. ಟೀ ಅಂಗಡಿಯ ಬಿಲ್ಲಿನ ಹಿಂದೆಯೇ ಲೆಕ್ಕ ಹಾಕಿ ತೋರಿಸಿದೆ. ವರ್ಷದ ಆರಂಭಕ್ಕೆ ಎರಡೆರಡು ಲಕ್ಷದಂತೆ ಮೂರು ಸಲ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಓದು ಮುಗಿದು ಇನ್ನೊಂದು ವರ್ಷ ಕಳೆದು ಕಂತು ಶುರುವಾಗುವ ಹೊತ್ತಿಗೆ ಸರಳ ಬಡ್ಡಿಯೇ 1.8 ಲಕ್ಷ. ಆರು ಲಕ್ಷ 7.8 ಲಕ್ಷವಾಯಿತು. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,300 ರೂಪಾಯಿ. ಒಟ್ಟು ಕಟ್ಟುವುದು 12 ಲಕ್ಷದ ಮೇಲೆ. ಮಗನ ಕೈಗೆ ತಿಂಗಳಿಗೆ ಇಪ್ಪತ್ತು ಸಾವಿರ ಬಂದರೆ ಅರ್ಧ ಬ್ಯಾಂಕಿಗೆ, ಉಳಿದರ್ಧದಲ್ಲಿ ಬೆಂಗಳೂರಿನ ಬಾಡಿಗೆ. ಅಪ್ಪನಿಗೆ ಬರುವುದು “ಸ್ವಲ್ಪ ದುಡ್ಡು ಹಾಕಪ್ಪ” ಎಂಬ ಫೋನು.

ಹಾಗಂತ ಈ ಪದವಿಯೇ ದಂಡ ಎನ್ನುವವರ ಮಾತೂ ಪೊಳ್ಳು. ನಾಡಿಗ ಕೃಷ್ಣಮೂರ್ತಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸಲು ಶುರುಮಾಡಿದ್ದು 1951ರಲ್ಲಿ. ಇವತ್ತು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಸ್ನಾತಕೋತ್ತರ ವಿಭಾಗವೇ ಇದೆ. ಶ್ರೀರಂಗಪಟ್ಟಣ, ಪಾಂಡವಪುರದ ಹುಡುಗಿಯರು ಮನೆಯೂಟ ಉಂಡು ಮೈಸೂರಿಗೆ ಓಡಾಡಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವರ ಬಸ್ ಚಾರ್ಜೂ ಸೊನ್ನೆ. ಕೆ.ಆರ್. ಪೇಟೆ, ನಾಗಮಂಗಲದವರಿಗೆ ದೂರ ಹೆಚ್ಚು, ಹಾಸ್ಟೆಲ್ ಹುಡುಕಬೇಕು. ಆದರೂ ಆರು ಲಕ್ಷದ ಮಾತು ಬರುವುದಿಲ್ಲ. ಹಾಕಿದ್ದು ಕಡಿಮೆಯಾದರೆ ಸಾಧಾರಣ ಸಂಬಳವೂ ಲಾಭವೇ.

ಉಳಿದ ನಂಬಿಕೆಗಳಿಗೆ ಒಂದೊಂದು ಸಾಲು ಸಾಕು. ಪಿಆರ್ ಅಂದರೆ ಸೂಟು ಹಾಕಿ ಕೈ ಕುಲುಕುವುದಂತೆ: ಹೊಸಬರ ಪಾಲಿಗೆ ಅದು ಪ್ರೆಸ್‌ನೋಟ್ ತಿದ್ದುವುದು, ವರದಿಗಾರರಿಗೆ ಹತ್ತು ಸಲ ಫೋನು ಮಾಡುವುದು, ಯಾವ ಪೇಪರಿನಲ್ಲಿ ಎಷ್ಟು ಬಂತೆಂದು ಪಟ್ಟಿ ಮಾಡುವುದು. ಪದವಿ ಪಡೆದರೆ ಬರವಣಿಗೆ ತಾನಾಗಿ ಬರುತ್ತದಂತೆ: ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್, ಇಬ್ಬರೂ ಕೆ.ಆರ್. ಪೇಟೆ ತಾಲ್ಲೂಕಿನವರೇ, ಯಾವ ಮಾಸ್ ಕಮ್ಯುನಿಕೇಷನ್ ಓದಿದ್ದರು?

ನನ್ನ ಸಿಟ್ಟು ಕಾಲೇಜುಗಳ ಮೇಲಲ್ಲ. ನುಣುಪು ಕಾಗದದಲ್ಲಿ ಅಚ್ಚಾಗಿದ್ದು ವೇದವಾಕ್ಯವಾಗುವ ನಮ್ಮ ರೂಢಿಯ ಮೇಲೆ. ದುಡ್ಡು ಡಬಲ್ ಮಾಡುವ ಚೀಟಿ, ಆರೇ ತಿಂಗಳಿಗೆ ನೋಂದಣಿಯಾಗುವ ಸೈಟು, ಎಲ್ಲವೂ ಇದೇ ಕಾಗದದ ಮೇಲೆ ಬಂದವು. ಫ್ಯಾಕ್ಟರಿ ಬಾಗಿಲಲ್ಲಿ ತೂಕದ ಚೀಟಿಗೆ ಜಗಳಕ್ಕೆ ನಿಲ್ಲುವವರು ಅಡ್ಮಿಷನ್ ಕೌಂಟರಿನಲ್ಲಿ ಕೈಕಟ್ಟಿ ನಿಲ್ಲುತ್ತೇವೆ. ಕಳೆದ ವರ್ಷ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಒಬ್ಬನದಾದರೂ ಸಂಬಳದ ಚೀಟಿ ತೋರಿಸಿ ಎಂದು ಕೇಳುವುದಿಲ್ಲ.

ಇಷ್ಟನ್ನೂ ಹೇಳಿ ಮುಗಿಸಿದೆ. ನೆಂಟರು ತಲೆದೂಗಿದರು, ಕಾಗದವನ್ನು ಅದೇ ನಾಲ್ಕು ಮಡಿಕೆಗೆ ಮಡಿಸಿದರು. “ಆದ್ರೂ ಅಚ್ಚು ಹಾಕವ್ರಲ್ಲಣ್ಣ” ಎಂದರು. ಟೀ ದುಡ್ಡು ನಾನೇ ಕೊಟ್ಟೆ. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಮಾತ್ರ ಅವರು ಎರಡು ಸಲ ಎಣಿಸಿ ನನ್ನ ಕೈಗಿಟ್ಟರು.